ಮಜ್ಜಿಗೆಗೆ ಒಳಗೆ ಜಾಗವಿಲ್ಲ

ಜಗಳೂರಿನಲ್ಲಿ ಬಸ್ ಹತ್ತಿ ಹೊನ್ನಾಳಿ, ನ್ಯಾಮತಿ ನೋಡಿಕೊಂಡು ಚನ್ನಗಿರಿಗೆ ಬನ್ನಿ. ಮಳೆ ನಂಬಿದ ಮೆಕ್ಕೆಜೋಳದ ಬಯಲು ಹಿಂದೆ ಸರಿದು ತುಂಗಭದ್ರೆ ಸಿಗುತ್ತಾಳೆ. ಆಮೇಲೆ ಅಡಿಕೆ ತೋಟ, ಸೂಳೆಕೆರೆ. ನೆಲ ಬದಲಾದರೂ ಅಂಗಡಿಗಳ ಬೋರ್ಡು ಬದಲಾಗುವುದಿಲ್ಲ. ತಂಪು ಪಾನೀಯದ ಹೆಸರು ದೊಡ್ಡದು, ಅಂಗಡಿಯದು ಚಿಕ್ಕದು. ಬರೆಸಿಕೊಟ್ಟವರು ಕಂಪನಿಯವರು!

ಈ ಊರುಗಳ ಮಕ್ಕಳು ಕಾಲೇಜು ಮುಗಿಸಿ, 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾನಿಲಯದವರೆಗೂ ಹೋಗುತ್ತಾರೆ. ಓದುವ ಆವರಣಕ್ಕೂ ಆ ಬೋರ್ಡು ಹಿಂಬಾಲಿಸಿದ್ದನ್ನು ಈ ಸೀಮೆಯ ಕಾಲೇಜೊಂದರ ವಿಜ್ಞಾನ ಮೇಳದಲ್ಲಿ ಕಂಡೆ. ನಾನು ತೀರ್ಪುಗಾರ. ಶಾಮಿಯಾನ ಕಂಪನಿಯೊಂದರ ಕೊಡುಗೆ. ಪ್ರತಿಯಾಗಿ ಅದರ ಬಾಟಲಿ ಬಿಟ್ಟು ಬೇರೇನೂ ಒಳಗೆ ಮಾರುವಂತಿಲ್ಲ. ದಿನವೂ ಒಳಗೆ ಮಜ್ಜಿಗೆ ಮಾರುತ್ತಿದ್ದ ಅಜ್ಜಿ ಅಂದು ಗೇಟಿನಾಚೆ ಬಿಸಿಲಲ್ಲಿ ಕೂತಿದ್ದರು.

ವಿದ್ಯಾರ್ಥಿನಿಯೊಬ್ಬಳು 300 ಮಿಲಿಲೀಟರ್ ಪಾನೀಯದಲ್ಲಿರುವ ಸಕ್ಕರೆಯನ್ನು ತೂಗಿಟ್ಟಿದ್ದಳು: 30 ಗ್ರಾಮಿಗೂ ಹೆಚ್ಚು. ಬಾಟಲಿಯ ಹೆಸರಿನ ಚೀಟಿಯನ್ನು ಮಾತ್ರ ಕೀಳಿಸಿದ್ದರು.

"ಯಾಕಮ್ಮಾ?" ಎಂದೆ.

"ಹೆಸರು ಕಾಣಬಾರದಂತೆ ಸಾರ್."

ನಾನೂ ಸುಮ್ಮನಾದೆ. ಮೊದಲ ಬಹುಮಾನ ಅವಳಿಗೇ ಬಂತು. ಬಹುಮಾನದ ಚೀಲದ ಮೇಲೆ ಅದೇ ಕಂಪನಿಯ ಹೆಸರು!

ಕ್ಯಾಂಪಸ್ಸಿನಲ್ಲಿ ಜಂಕ್ ಫುಡ್ ಬೇಡವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ 2016ರಲ್ಲಿ, ಮತ್ತೆ 2018ರಲ್ಲಿ ಸೂಚಿಸಿತು. ನಿಷೇಧದ ಮಾತು ಹಾಗಿರಲಿ. ಶಾಮಿಯಾನ ಕೊಟ್ಟವರಿಗೆ ಕೃತಜ್ಞತೆ ಹೇಳೋಣ, ಹಾರವನ್ನೂ ಹಾಕೋಣ. ಮಕ್ಕಳ ಬಾಯಾರಿಕೆಯನ್ನು ಬರೆದುಕೊಡುವುದು ಬೇಡ. ಎರಡು ಲೋಟ ಎದುರಿಗಿದ್ದರೆ ತಾನೇ ಆಯ್ಕೆ?

ಹೊರಬಂದು ಅಜ್ಜಿಯ ಹತ್ತಿರ ಮಜ್ಜಿಗೆ ಕುಡಿದೆ. ನಾನು ಒಳಗೆ ಆಡಬೇಕಿದ್ದ ಮಾತು ಮಾತ್ರ ಗಂಟಲಲ್ಲೇ ಉಳಿಯಿತು.