ನೆಟ್ಟಗೆ ನಿಲ್ಲು!



ನನ್ನ ತರಗತಿಗಳಲ್ಲಿ ಕುಳಿತಿದ್ದವರಿಗೆ ಮೇಲಿನ ಎರಡು ಪದಗಳನ್ನು ಪರಿಚಯಿಸುವ ಅಗತ್ಯವಿಲ್ಲ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ, ಪ್ರಶ್ನೆಗೆ ಉತ್ತರಿಸಲು ಎದ್ದು ನಿಂತಾಗ, ಪ್ರಯೋಗಾಲಯದ ಮೇಜಿನ ಮುಂದೆ, ಎಷ್ಟು ಸಲ ಅವನ್ನು ನನ್ನ ಬಾಯಿಂದ ಕೇಳಿರುವಿರೋ ಲೆಕ್ಕವಿಲ್ಲ. ಮೂವತ್ತನಾಲ್ಕು ವರ್ಷ ಆ ಆಜ್ಞೆ ಕೊಟ್ಟವನು ಅರವತ್ತೈದರ ವಯಸ್ಸಿನಲ್ಲಿ, ಪರದೇಶದ ಒಂದು ಕೋಣೆಯಲ್ಲಿ, ಚಡ್ಡಿಯೊಂದನ್ನೇ ಧರಿಸಿ, ತಾನೇ ನೆಟ್ಟಗೆ ನಿಲ್ಲಲಾರದೆ ನಿಂತ ಪ್ರಸಂಗವನ್ನು ಇಂದು ಬರೆಯುತ್ತಿದ್ದೇನೆ. ಆ ಚಿಕಿತ್ಸೆ ಹೇಗಿರುತ್ತದೆಂದು ಬಂಧುಗಳಲ್ಲಿ ಕೆಲವರು ದೂರವಾಣಿಯಲ್ಲಿ ವಿಚಾರಿಸಿದ್ದರು; ಅವರಿಗೆ ಇದು ಉತ್ತರ. ಇನ್ನೊಬ್ಬನಿಗೆ ನನ್ನಿಂದ ಸಲ್ಲಬೇಕಾದ ಬಾಕಿಯೊಂದಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

2023ರ ಬೇಸಿಗೆಯಲ್ಲಿ ನಾನೂ ನನ್ನ ಶ್ರೀಮತಿಯೂ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ನಿವೃತ್ತಿಯ ಮುಂಚಿನಿಂದಲೂ ಬಲ ಹೆಗಲಿನ ನೋವು ನನ್ನ ಜೊತೆಗಾರ. ಊರಿನ ಮೂಳೆ ತಜ್ಞರು ಪರೀಕ್ಷಿಸಿ, ಅಪಾಯವೇನೂ ಇಲ್ಲ, ವಯಸ್ಸಿನ ಸವೆತ ಎಂದಿದ್ದರು. ಹೇಳಿಕೊಟ್ಟ ವ್ಯಾಯಾಮವನ್ನು ಒಂದು ತಿಂಗಳು ಶ್ರದ್ಧೆಯಿಂದ ಮಾಡಿ, ಆಮೇಲೆ ನಿಮ್ಮಲ್ಲಿ ಅನೇಕರು ಮನೆಪಾಠವನ್ನು ಬಿಟ್ಟಂತೆಯೇ ನಾನೂ ಬಿಟ್ಟಿದ್ದೆ. ಮಗಳು ಕಂಪ್ಯೂಟರಿನ ಮುಂದೆ ಕುಳಿತು ಬಂದ ಕುತ್ತಿಗೆ ನೋವಿಗೆ 'ರಾಲ್ಫಿಂಗ್' ಎಂಬ ಅಂಗಮರ್ದನ ಪದ್ಧತಿಯಿಂದ ಉಪಶಮನ ಪಡೆದಿದ್ದಳು. "ಅಪ್ಪ, ಒಮ್ಮೆ ಬಂದು ನೋಡಿ, ಇಷ್ಟವಾಗದಿದ್ದರೆ ಬಿಟ್ಟುಬಿಡಿ" ಎಂದು ಒತ್ತಾಯಿಸಿದಳು. ಒಂದು ಭೇಟಿಗೆ ನೂರೈವತ್ತು ಡಾಲರ್, ಅಂದರೆ ಹನ್ನೆರಡು ಸಾವಿರ ರೂಪಾಯಿಗೂ ಮೇಲೆ! ಶ್ರೀಮತಿ ಲೆಕ್ಕ ಹಾಕಿ, "ರೀ, ಊರಲ್ಲಾಗಿದ್ದರೆ ಹರಳೆಣ್ಣೆ ಹಚ್ಚಿ, ನೀವಿ, ಎರಡು ಹಂಡೆ ಬಿಸಿನೀರು ಹಾಕುತ್ತಿದ್ದೆ. ನನಗೆ ಯಾರೂ ಡಾಲರ್ ಕೊಡಲಿಲ್ಲ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹೋಗುವ ಮುನ್ನ ಓದಿಕೊಂಡು ಹೋಗುವುದು ನನ್ನ ಹಳೆಯ ಚಾಳಿ. ಈ ಪದ್ಧತಿಯನ್ನು ರೂಪಿಸಿದವರು ಐಡಾ ರಾಲ್ಫ್ ಎಂಬ ಮಹಿಳೆ. 1896ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿ, 1920ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಜೀವರಸಾಯನ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ರಾಕ್‌ಫೆಲರ್ ಸಂಸ್ಥೆಯಲ್ಲಿ ಸಂಶೋಧಕಿಯಾಗಿದ್ದವರು. ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳಿಗೆ ಅದು ಸಣ್ಣ ಸಾಧನೆಯಲ್ಲ. ಅಮೆರಿಕದಲ್ಲಿಯೇ ಯೋಗವನ್ನೂ ಅಭ್ಯಾಸ ಮಾಡಿದ್ದರು. ತಮ್ಮ ವಿಧಾನಕ್ಕೆ ಅವರು ಇಟ್ಟ ಹೆಸರು 'ಸ್ಟ್ರಕ್ಚರಲ್ ಇಂಟಿಗ್ರೇಷನ್'. ಶರೀರ ರಚನೆಯ ಸಮನ್ವಯ ಎನ್ನಬಹುದು. ರಾಲ್ಫಿಂಗ್ ಎಂಬುದು ಜನರ ಬಾಯಲ್ಲಿ ಹುಟ್ಟಿದ ಹೆಸರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಸಲೆನ್ ಸಂಸ್ಥೆಯಲ್ಲಿ ಕಲಿಸತೊಡಗಿದ ಮೇಲೆ ಅದು ಪ್ರಸಿದ್ಧಿಗೆ ಬಂದಿತು. 1971ರಲ್ಲಿ ಇದರ ಶಿಕ್ಷಣ ಸಂಸ್ಥೆ ಕೊಲೊರಾಡೊದ ಬೌಲ್ಡರ್ ಪಟ್ಟಣದಲ್ಲಿ ಸ್ಥಾಪನೆಯಾಯಿತು. 1979ರಲ್ಲಿ ಅವರು ತೀರಿಕೊಂಡರು.

ಅವರ ಮೂಲ ವಿಚಾರ ವಿಜ್ಞಾನದ ಮೇಷ್ಟ್ರಿಗೆ ಪ್ರಿಯವಾಗುವಂಥದು: ನಾವೆಲ್ಲರೂ ಹಗಲಿರುಳು ಗುರುತ್ವಾಕರ್ಷಣೆಗೆ ಒಳಗಾಗಿದ್ದೇವೆ. ಇಟ್ಟಿಗೆಗಳನ್ನು ಒಂದರ ಮೇಲೊಂದು ಸರಿಯಾಗಿ ಪೇರಿಸಿದರೆ ಅವು ತಾವಾಗಿಯೇ ನಿಲ್ಲುತ್ತವೆ. ವಾರೆಯಾಗಿ ಪೇರಿಸಿದರೆ ಬೀಳದಂತೆ ಯಾವಾಗಲೂ ಹಿಡಿದುಕೊಂಡಿರಬೇಕು. ತಲೆ, ಎದೆಗೂಡು, ಸೊಂಟ, ಕಾಲುಗಳೂ ಹಾಗೆಯೇ. ಹಿಡಿದುಕೊಂಡಿರುವ ಕೆಲಸ ನಮ್ಮ ಮಾಂಸಖಂಡಗಳದು ಮತ್ತು ಅವುಗಳನ್ನು ಸುತ್ತಿರುವ 'ಫ್ಯಾಸಿಯಾ' ಎಂಬ ಸಂಯೋಜಕ ಅಂಗಾಂಶದ ಪೊರೆಯದು. ಚಕ್ಕೋತದ ಹಣ್ಣನ್ನು ಸುಲಿದಾಗ ಪ್ರತಿ ತೊಳೆಗೂ ಒಂದು ಬಿಳಿಯ ಹೊದಿಕೆ, ತೊಳೆಯೊಳಗಿನ ಎಳೆಗಳಿಗೂ ಒಂದೊಂದು ಹೊದಿಕೆ, ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರುವುದನ್ನು ನೋಡಿದ್ದೀರಲ್ಲವೇ? ದೇಹದೊಳಗಿನ ವ್ಯವಸ್ಥೆಯೂ ಹೆಚ್ಚು ಕಡಿಮೆ ಹೀಗೆಯೇ. ಈ ಪೊರೆ ಬಿಗಿದುಕೊಂಡ ಕಡೆ ನಿಧಾನವಾಗಿ ಒತ್ತಿ ಸಡಿಲಿಸಿದರೆ ದೇಹ ತಾನಾಗಿ ನೇರವಾಗುತ್ತದೆಂಬುದು ಐಡಾ ರಾಲ್ಫರ ನಂಬಿಕೆ.

ಪೊರೆ ನಿಜವಾಗಿಯೂ ಕೈಯ ಒತ್ತಡಕ್ಕೆ ಮಣಿಯುತ್ತದೆಯೇ? ಗಟ್ಟಿಯಾದ ಪೊರೆಗಳ ಆಕಾರ ಬದಲಿಸಲು ಮನುಷ್ಯನ ಕೈಬಲ ಸಾಲದೆಂದೂ, ಆಗುವ ಸಡಿಲಿಕೆ ಬಹುಮಟ್ಟಿಗೆ ನರಮಂಡಲದ ಪ್ರತಿಕ್ರಿಯೆಯೆಂದೂ ಇಂದು ಅನೇಕ ಸಂಶೋಧಕರು ಹೇಳುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೀರ್ಘಕಾಲದ ಬೆನ್ನುನೋವಿದ್ದ 46 ಮಂದಿಯನ್ನು ಗಮನಿಸಲಾಯಿತು. ವಾಡಿಕೆಯ ಆರೈಕೆಯ ಜೊತೆಗೆ ಈ ಚಿಕಿತ್ಸೆಯನ್ನೂ ಪಡೆದವರಲ್ಲಿ ನೋವಿನ ಮಟ್ಟ ಗಮನಾರ್ಹವಾಗಿ ಹೆಚ್ಚು ಇಳಿಯಲಿಲ್ಲ. ಆದರೆ ದಿನನಿತ್ಯದ ಕೆಲಸಗಳಿಗೆ ಆಗುತ್ತಿದ್ದ ಅಡಚಣೆ ಕಡಿಮೆಯಾಯಿತು. ಇಷ್ಟು ಚಿಕ್ಕ ಅಧ್ಯಯನದಿಂದ ದೊಡ್ಡ ತೀರ್ಮಾನ ಕೂಡದು.

ಇನ್ನು ಭೇಟಿಯ ವಿಷಯ. ಮೊದಲು ಒಂದು ನಮೂನೆಯನ್ನು ತುಂಬಿಸಿಕೊಳ್ಳುತ್ತಾರೆ: ಹಿಂದಿನ ಪೆಟ್ಟುಗಳು, ಶಸ್ತ್ರಚಿಕಿತ್ಸೆಗಳು, ಸೇವಿಸುವ ಮಾತ್ರೆಗಳು. ಅನಂತರ ಒಳ ಉಡುಪಿನಲ್ಲಿ ಅಥವಾ ಚಡ್ಡಿಯಲ್ಲಿ ನಿಲ್ಲಿಸಿ, ನಡೆಸಿ, ಎಲ್ಲ ಪಕ್ಕಗಳಿಂದಲೂ ನೋಡುತ್ತಾರೆ. ಚಿಕಿತ್ಸಕಿ ಐವತ್ತರ ಆಸುಪಾಸಿನ ಮಹಿಳೆ. ಅಪರಿಚಿತ ಹೆಣ್ಣುಮಗಳ ಮುಂದೆ ಆ ವೇಷದಲ್ಲಿ ನಿಂತು ನಾನು ಪಟ್ಟ ಸಂಕೋಚವನ್ನು ವರ್ಣಿಸುವುದಿಲ್ಲ. ಉಸಿರು ಬಿಗಿಹಿಡಿದು, ಎದೆ ಮುಂದೆ ಮಾಡಿ, ಡ್ರಿಲ್ ಮೇಷ್ಟ್ರ ಮುಂದೆ ನಿಂತಂತೆ ನಿಂತೆ. ಆಕೆ ನಕ್ಕು, "ನೇರವಾಗಿ ನಿಲ್ಲಲು ಪ್ರಯತ್ನಿಸಬೇಡಿ, ಸುಮ್ಮನೆ ನಿಲ್ಲಿ" ಎಂದರು. ಜೀವನದಲ್ಲಿ ಮೊದಲ ಸಲ ಆ ಮಾತನ್ನು ಕೇಳಿದೆ.

ಸುಮ್ಮನೆ ನಿಂತೆ. ಬಲ ಹೆಗಲು ಎಡಕ್ಕಿಂತ ಒಂದು ಬೆರಳಷ್ಟು ಮೇಲೆ. ತಲೆ ಎಡಕ್ಕೆ ತಿರುಗಿದೆ. ಕನ್ನಡಿಯಲ್ಲಿ ನನಗೂ ಕಂಡಿತು. ಅಷ್ಟನ್ನು ನೋಡಿದ ಮೇಲೆ "ನಿಮ್ಮ ಹೆಗಲು ಸೊಟ್ಟಗಿದೆ" ಎಂದು ಆಕೆ ಹೇಳಲಿಲ್ಲ. "ಈ ಕೈ ಇಷ್ಟು ವರ್ಷ ಏನು ಕೆಲಸ ಮಾಡುತ್ತಿತ್ತು?" ಎಂದು ಕೇಳಿದರು. ಕರಿಹಲಗೆ! ಬಲಗೈ ಎತ್ತಿ ಹಲಗೆಯ ಮೇಲೆ ಬರೆಯುವುದು, ಬರೆಯುತ್ತಲೇ ಎಡಕ್ಕೆ ತಿರುಗಿ ನಿಮ್ಮ ಮೇಲೆ ಕಣ್ಣಿಡುವುದು. ಮೂವತ್ತನಾಲ್ಕು ವರ್ಷ ಅದೇ ಭಂಗಿ. ಅಂದರೆ ನನ್ನ ಕುತ್ತಿಗೆ ತಿರುಚಿದ್ದರಲ್ಲಿ ನಿಮ್ಮೆಲ್ಲರ ತುಂಟತನದ ಪಾಲೂ ಇದೆ ಎಂದಾಯಿತು.

ಪೂರ್ಣ ಕ್ರಮದಲ್ಲಿ ಹತ್ತು ಭೇಟಿಗಳು. ಒಂದೊಂದೂ ಒಂದರಿಂದ ಒಂದೂವರೆ ಗಂಟೆ. ಮೊದಲನೆಯದು ಎದೆಗೂಡು ಮತ್ತು ಉಸಿರಾಟಕ್ಕೆ, ಎರಡನೆಯದು ಪಾದ ಮತ್ತು ಕೆಳಗಾಲಿಗೆ, ಮೂರನೆಯದು ದೇಹದ ಪಕ್ಕಗಳಿಗೆ. ಮುಂದಿನ ನಾಲ್ಕು ಇನ್ನೂ ಆಳದವು: ತೊಡೆಯ ಒಳಭಾಗ, ಹೊಟ್ಟೆ ಹಾಗೂ ಬೆನ್ನೆಲುಬಿನಿಂದ ತೊಡೆಗೆ ಇಳಿಯುವ ಸ್ನಾಯು, ಕಾಲಿನ ಹಿಂಭಾಗದಿಂದ ಬೆನ್ನಿನವರೆಗೆ, ಏಳನೆಯದು ಕುತ್ತಿಗೆ ಮತ್ತು ತಲೆ. ಏಳನೆಯದರಲ್ಲಿ ಕೈಗವಸು ಧರಿಸಿ ಬಾಯಿಯ ಒಳಗೂ ಬೆರಳಿಟ್ಟು ದವಡೆಯನ್ನು ಸಡಿಲಿಸುತ್ತಾರೆ. ಮೊದಲೇ ತಿಳಿದಿದ್ದರೆ ಗಾಬರಿಯಾಗದು! ಉಳಿದ ಮೂರು, ಹಿಂದಿನ ಕೆಲಸವನ್ನೆಲ್ಲ ಒಂದುಗೂಡಿಸಲು.

ನಮ್ಮ ಎಣ್ಣೆ ನೀವುವಿಕೆಯಂತೆ ಇದು ಸುಖಕರವಲ್ಲ. ಎಣ್ಣೆ ಇಲ್ಲವೇ ಇಲ್ಲವೆನ್ನಬಹುದು. ಬೆರಳಿನ ಗೆಣ್ಣು, ಮುಂಗೈ, ಮೊಣಕೈಗಳಿಂದ ಒಂದೇ ಕಡೆ ನಿಧಾನವಾಗಿ ಒತ್ತುತ್ತಾ, "ಈಗ ಮಂಡಿಯನ್ನು ಮಡಿಸಿ", "ತೋಳನ್ನು ಮೇಲಕ್ಕೆ ಚಾಚಿ" ಎಂದು ನಮ್ಮಿಂದಲೂ ಕೆಲಸ ಮಾಡಿಸುತ್ತಾರೆ. ಕೆಲವು ಕಡೆ ಉರಿದಂತೆ ನೋಯುತ್ತದೆ. "ಸಾಕು" ಎಂದರೆ ಆ ಕ್ಷಣವೇ ಕೈ ತೆಗೆಯುತ್ತಾರೆ. ಹಾಗೆ ಹೇಳುವುದು ನಮ್ಮ ಕರ್ತವ್ಯ. ಹಲ್ಲುಕಚ್ಚಿ ಸಹಿಸಿದರೆ ದೇಹ ಇನ್ನಷ್ಟು ಬಿಗಿಯುತ್ತದೆ. ಮಾರನೆಯ ದಿನ ಮೈಕೈ ನೋವು ಬರಬಹುದು. ಕೆಲವರಿಗೆ ಮಧ್ಯೆ ಕಾರಣವಿಲ್ಲದೆ ಅಳು ಬರುವುದುಂಟಂತೆ. ಅದನ್ನು ಕೇಳಿ ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ಮೂರನೆಯ ಭೇಟಿಯಲ್ಲಿ ಆ ನಗೆ ಉಳಿಯಲಿಲ್ಲ. ನಾನು ಪಕ್ಕಕ್ಕೆ ಮಲಗಿದ್ದೆ. ಪಕ್ಕೆಲುಬಿಗೂ ಸೊಂಟಕ್ಕೂ ನಡುವೆ ಒತ್ತುತ್ತಾ ಆಕೆ ಸಹಜವಾಗಿ ಹೇಳಿದರು: "ದೇಹ ಸುಮ್ಮನೆ ವಾಲುವುದಿಲ್ಲ, ಯಾವುದೋ ಭಾರಕ್ಕೆ ಹೊಂದಿಕೊಂಡಿರುತ್ತದೆ." ಆ ಕ್ಷಣ 1991ರ ಪ್ರಾರ್ಥನಾ ಸಾಲು ಕಣ್ಣ ಮುಂದೆ ಬಂದಿತು.

ಆ ಸಾಲಿನಲ್ಲಿ ಒಬ್ಬ ಹುಡುಗ ಯಾವಾಗಲೂ ಬಲಕ್ಕೆ ವಾಲಿ ನಿಲ್ಲುತ್ತಿದ್ದ. ಎಷ್ಟು ಗದರಿದರೂ ಒಂದು ನಿಮಿಷ ನೇರವಾಗಿ, ಮತ್ತೆ ವಾಲುತ್ತಿದ್ದ. ಬೆತ್ತದ ತುದಿಯಿಂದ ಅವನ ಹೆಗಲನ್ನು ಸರಿಪಡಿಸುತ್ತಿದ್ದೆ. ಒಂದು ದಿನ ತಮಾಷೆಯೆಂದು ಭಾವಿಸಿ ಅವನನ್ನು 'ಪೀಸಾ ಗೋಪುರ' ಎಂದೆ. ಸಾಲೆಲ್ಲ ನಕ್ಕಿತು, ಅವನೂ ನಕ್ಕ. ಅಂದಿನಿಂದ ಅವನ ಹೆಸರು ಹೋಗಿ 'ಪೀಸಾ' ಉಳಿಯಿತು. ಪ್ರತಿದಿನ ಬೆಳಗ್ಗೆ ಅವನು ಎರಡು ಮೈಲಿ ದೂರದಿಂದ ತುಂಬಿದ ಹಾಲಿನ ಕ್ಯಾನನ್ನು ಎಡಗೈಯಲ್ಲಿ ಹಿಡಿದು ನಡೆದು ಬಂದು, ಡೇರಿಗೆ ಹಾಕಿ, ಅಲ್ಲಿಂದ ಶಾಲೆಗೆ ಬರುತ್ತಿದ್ದ. ಅದು ನನಗೆ ತಿಳಿಯದ ಸಂಗತಿಯಲ್ಲ. ದಾರಿಯಲ್ಲಿ ಎಷ್ಟೋ ಸಲ ನೋಡಿದ್ದೆ. ಅದೇ ವರ್ಷ ಅದೇ ತರಗತಿಗೆ ಗುರುತ್ವ ಕೇಂದ್ರದ ಪಾಠ ಮಾಡಿದ್ದೆ. ಒಂದು ಕೈಯಲ್ಲಿ ಬಕೆಟ್ ಹಿಡಿದವನು ಇನ್ನೊಂದು ಪಕ್ಕಕ್ಕೆ ಏಕೆ ವಾಲುತ್ತಾನೆಂದು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದ್ದೆ. ಎರಡನೆಯ ಬೆಂಚಿನಲ್ಲಿ ಕುಳಿತು ಅವನು ಆ ಚಿತ್ರವನ್ನು ಬರೆದುಕೊಂಡ. ಚಿತ್ರವನ್ನೂ ಹುಡುಗನನ್ನೂ ಜೋಡಿಸಿ ನೋಡುವುದು ನನಗೆ ಹೊಳೆಯಲಿಲ್ಲ. ಹತ್ತನೆಯ ತರಗತಿಯ ಮಧ್ಯದಲ್ಲಿ ಅವನು ಶಾಲೆ ಬಿಟ್ಟ. ಆ ಹೆಸರಿನ ದೆಸೆಯಿಂದಲೇ ಬಿಟ್ಟನೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಕಣ್ಣೊರೆಸಿಕೊಂಡೆ. ಚಿಕಿತ್ಸಕಿ ನೋವಾಯಿತೇ ಎಂದು ಕೇಳಿದರು. ಹೌದೆಂದೆ. ಅವರು ಕೈ ತೆಗೆದು, ನಾನು ಸಾವರಿಸಿಕೊಳ್ಳುವವರೆಗೆ ಸುಮ್ಮನಿದ್ದರು.

ಹತ್ತೂ ಭೇಟಿಗಳನ್ನು ಮುಗಿಸಿದೆ. ಫಲವೇನೆಂದು ಕೇಳುವವರಿಗೆ: ಉಸಿರಾಟ ಹಗುರವಾಯಿತು, ಬಲಗೈ ಅಟ್ಟದ ಡಬ್ಬಿಯನ್ನು ಮುಟ್ಟುವಷ್ಟು ಮೇಲೇರಿತು, ಅಂಗಾಲು ನೆಲದ ಮೇಲೆ ಪೂರ್ತಿ ಊರಿದಂತೆನಿಸಿತು. ಊರಿಗೆ ಮರಳಿ ಆರು ತಿಂಗಳಲ್ಲಿ ಅರ್ಧದಷ್ಟು ನೋವು ಹಿಂದಿರುಗಿತು. ಬಿಟ್ಟಿದ್ದ ವ್ಯಾಯಾಮವನ್ನು ಮತ್ತೆ ಆರಂಭಿಸಿದ್ದೇನೆ, ಅದೂ ಲಾಭವೇ. ಹೋಗಬಯಸುವವರು ಮೊದಲು ವೈದ್ಯರನ್ನು ಕೇಳಿ. ಮೂಳೆ ಟೊಳ್ಳಾಗಿರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪಿರುವವರು, ಹೊಸದಾಗಿ ಮೂಳೆ ಮುರಿದವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಅವರ ಅನುಮತಿಯಿಲ್ಲದೆ ಇಂಥ ಒತ್ತಡಕ್ಕೆ ದೇಹವನ್ನು ಒಡ್ಡಬಾರದು. ಚಿಕಿತ್ಸಕರು ಎಲ್ಲಿ ತರಬೇತಿ ಪಡೆದರೆಂದು ಕೇಳಲು ಸಂಕೋಚ ಬೇಡ.

ನನ್ನ ವಿದ್ಯಾರ್ಥಿಗಳಲ್ಲಿ ಈಗ ಹಲವರು ಅಧ್ಯಾಪಕರಾಗಿದ್ದೀರಿ. ನಿಮ್ಮ ಸಾಲಿನಲ್ಲಿ ಯಾವುದಾದರೂ ಮಗು ವಾಲಿ ನಿಂತಿದ್ದರೆ, ಗದರುವ ಮುನ್ನ, ಏನು ಹೊತ್ತುಕೊಂಡು ಬಂದೆ ಎಂದು ಒಮ್ಮೆ ಕೇಳಿ. ನನಗೆ ಆ ಪ್ರಶ್ನೆಯನ್ನು ಬಿ.ಎಡ್. ಕಲಿಸಲಿಲ್ಲ, ನಾನಾಗಿ ಕಲಿಯಲೂ ಇಲ್ಲ.

1991ರ ತಂಡದವರಿಗೆ ಒಂದು ವಿನಂತಿ. ಅವನು ಯಾರೆಂದು ನಿಮಗೆ ಗೊತ್ತು. ಅವನ ಸಂಪರ್ಕ ಯಾರಿಗಾದರೂ ಇದ್ದರೆ ಈ ಬರಹವನ್ನು ಓದಿ ಹೇಳಿ. ಆ ಅಡ್ಡಹೆಸರನ್ನು ಮಾತ್ರ ಬಳಸಬೇಡಿ. ಅವನ ಸ್ವಂತ ಹೆಸರಿನಿಂದ ಕರೆದು, ಮೇಷ್ಟ್ರು ಕ್ಷಮೆ ಕೇಳಿದ್ದಾರೆಂದು ತಿಳಿಸಿ. ಅವನು ಒಪ್ಪಿದರೆ ನಾನೇ ಅವನ ಊರಿಗೆ ಹೋಗಿ ಬರುತ್ತೇನೆ.