ನೊಣ ಹಿಡಿಯುವ ವಿದ್ಯೆ

"ಏನೋ ತಮ್ಮಾ, ಮುಂಜಾನೆದ್ದು ನೊಣ ಹಿಡ್ಯಾಕತ್ತಿ?"

ಪಕ್ಕದ ಮನೆಯ ಆಯಿ ಹೀಗೆ ಕೇಳಿದಾಗ ನಾನು ಕಟ್ಟೆಯ ಮೇಲೆ ಕೂತು ಗಿಟಾರಿನಲ್ಲಿ ಎಫ್ ಕಾರ್ಡ್ ಹಿಡಿಯಲು ಹೆಣಗುತ್ತಿದ್ದೆ. ಆಕೆಯ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ನೊಣದ ಸದ್ದೇ ಕೇಳಿಸಿತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಕುಹಕವಾಗಿದ್ದರೆ ತಿರುಗಿ ಒಂದು ಮಾತು ಅನ್ನಬಹುದಿತ್ತು. ಪ್ರಾಮಾಣಿಕ ಅಭಿಪ್ರಾಯಕ್ಕೆ ಏನೆಂದು ಉತ್ತರ ಕೊಡುವುದು? "ಇಲ್ಲ ಆಯಿ, ಗಿಟಾರ್ ಕಲ್ಯಾಕತ್ತೀನಿ" ಅಂದೆ. "ಕಲಿ, ಕಲಿ. ಆರು ತಂತಿ ಅದಾವಲ್ಲ, ಯಾವದರೆ ಒಂದು ನುಡದೀತು" ಎಂದು ಸಮಾಧಾನ ಹೇಳಿ, ಹಾಲಿನ ಕ್ಯಾನು ಎತ್ತಿಕೊಂಡು ಡೇರಿಯ ಕಡೆ ನಡೆದಳು.

ಗಿಟಾರ್ ನನ್ನದಲ್ಲ, ಪುಣೆಗೆ ಇಂಜಿನಿಯರಿಂಗ್ ಓದಲು ಹೋದ ಅಳಿಯ ಬಿಟ್ಟುಹೋದದ್ದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಕಡೆ ಕಪಾಟಿನ ಮೇಲೆ ಧೂಳು ತಿನ್ನುತ್ತ ಮಲಗಿದ ಗಿಟಾರುಗಳು ನನ್ನ ಕಣ್ಣಿಗೆ ಬಿದ್ದಷ್ಟೂ ಹೀಗೇ. ಕೊಲ್ಲಾಪುರದಿಂದಲೋ ಬೆಳಗಾವಿಯಿಂದಲೋ ಬಂದು, ಸಿ, ಜಿ, ಎ ಮೈನರ್‌ವರೆಗೆ ಹುರುಪಿನಿಂದ ನುಡಿದು, ಎಫ್ ಹತ್ತಿರ ಬಂದು ಬಾಯಿ ಮುಚ್ಚಿಕೊಂಡವು. ಮೊದಲಿನ ಕಾರ್ಡುಗಳಲ್ಲಿ ಒಂದು ಬೆರಳಿಗೆ ಒಂದು ತಂತಿ, ನ್ಯಾಯವಾದ ಹಂಚಿಕೆ. ಎಫ್‌ನಲ್ಲಿ ಹಾಗಲ್ಲ. ಎಡಗೈ ತೋರುಬೆರಳು ಒಂದನೇ ಫ್ರೆಟ್ಟಿನಲ್ಲಿ ಆರೂ ತಂತಿಗಳ ಮೇಲೆ ಅಡ್ಡ ಮಲಗಬೇಕು, ಉಳಿದ ಮೂರು ಬೆರಳು ಅದರ ಮುಂದೆ ಇ ಕಾರ್ಡಿನ ಆಕಾರ ಕಟ್ಟಬೇಕು. ಇದಕ್ಕೆ ಬಾರ್ ಕಾರ್ಡ್ ಅನ್ನುತ್ತಾರೆ. ಇದು ಬಂದವನಿಗೆ ಸಿಗುವ ಇನಾಮು ದೊಡ್ಡದು. ಅದೇ ಕೈಯನ್ನು ಹಾಗೇ ಸರಿಸಿದರೆ ಮೂರನೇ ಫ್ರೆಟ್ಟಿನಲ್ಲಿ ಜಿ, ಐದರಲ್ಲಿ ಎ, ಏಳರಲ್ಲಿ ಬಿ, ಎಂಟರಲ್ಲಿ ಸಿ. ಒಂದು ಹಿಡಿತ ಕಲಿತರೆ ಇಡೀ ಕತ್ತೇ ನಿಮ್ಮದು. ಬಾರದವನಿಗೆ ನೊಣ.

ಹೆಬ್ಬೆರಳು ಕತ್ತಿನ ಹಿಂದೆ ನಡುಮಧ್ಯ ಇರಲಿ, ತೋರುಬೆರಳು ಫ್ರೆಟ್ಟಿನ ಸರಳಿಗೆ ಹತ್ತಿಕೊಂಡಿರಲಿ, ಬೆರಳನ್ನು ತುಸು ಮಗ್ಗುಲು ಮಾಡಿ ಎಲುಬಿನ ಕಡೆಯಿಂದ ಒತ್ತಿ. ಇವನ್ನೆಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ, ನಾನು ಮತ್ತೆ ಹೇಳುವುದಿಲ್ಲ. ಯಾರೂ ಹೇಳದ ಸಂಗತಿ ಒಂದಿದೆ. ಆರು ತಂತಿಯ ಮೇಲೆ ಮಲಗಿದ ತೋರುಬೆರಳಿಗೆ ಅಸಲಿಗೆ ಇರುವ ಕೆಲಸ ಮೂರೇ ತಂತಿಯದು: ಒಂದು, ಎರಡು ಮತ್ತು ಆರು. ನಡುವಿನ ಮೂರನ್ನು ಉಳಿದ ಬೆರಳುಗಳು ಮುಂದೆ ಹಿಡಿದುಕೊಂಡಿರುತ್ತವೆ. ಈ ಮೂರರಲ್ಲಿ ನನ್ನ ಎರಡನೇ ತಂತಿ ಸರಿಯಾಗಿ ಬೆರಳಿನ ಗೆಣ್ಣಿನ ಗೆರೆಯೊಳಗೆ ಹೋಗಿ ಕೂಡುತ್ತದೆ. ಎಷ್ಟು ಒತ್ತಿದರೂ ಅದಕ್ಕೆ ಚರ್ಮ ಹತ್ತುವುದಿಲ್ಲ. ಬೆರಳನ್ನು ಕೂದಲೆಳೆಯಷ್ಟು ಮೇಲೆ ಸರಿಸಿದರೆ ಎರಡನೆಯದು ನುಡಿಯುತ್ತದೆ, ಒಂದನೆಯದು ಸಾಯುತ್ತದೆ.

ಅಳಿಯನಿಗೆ ಫೋನ್ ಮಾಡಿ ಕೇಳಿದೆ. "ಜೋರ್ ಒತ್ತಬ್ಯಾಡ್ರಿ ಮಾಮಾ, ಕೈ ಸಡ್ಲ ಬಿಡ್ರಿ" ಅಂದ. ಈ ಉಪದೇಶವನ್ನು ನಾನು ಜೀವನದುದ್ದಕ್ಕೂ ಕೇಳಿದ್ದೇನೆ. ಬಾವಿಯಲ್ಲಿ ಈಸು ಕಲಿಸುವವರು ಮೈ ಸಡಿಲ ಬಿಡು ಅಂದರು, ಮೋಟಾರ್ ಕಲಿಸುವವರು ಸ್ಟೀರಿಂಗ್ ಸಡಿಲ ಹಿಡಿ ಅಂದರು, ಹಲ್ಲು ಕೀಳುವವರು ದವಡೆ ಸಡಿಲ ಬಿಡಿ ಅಂದರು. ದಂಡೆ ಮುಟ್ಟಿದವರಿಗೆ ದಾರಿಯ ನೆನಪು ಇರುವುದೇ ಇಲ್ಲವೋ ಏನೋ. ಲೋಹದ ತಂತಿಯ ಒಂದು ಸೆಟ್ಟು ಶ್ರುತಿಗೆ ಏರಿದಾಗ ಎಲ್ಲ ಸೇರಿ ಹೆಚ್ಚುಕಡಿಮೆ 70 ಕಿಲೋ ಭಾರದಷ್ಟು ಎಳೆತ ಇರುತ್ತದೆ. ಅಷ್ಟನ್ನೂ ನನ್ನ ಬೆರಳೇ ಹೊರಬೇಕಿಲ್ಲ, ನಿಜ. ಆದರೆ ಅಂಥದರ ಎದುರು ಕೂತವನಿಗೆ ಸಡಿಲ ಬಿಡು ಎನ್ನಲು ಧೈರ್ಯ ಬೇಕು. ಪುಣೆಯ ಹಾಸ್ಟೆಲಿನಲ್ಲಿ ಆ ಧೈರ್ಯ ಅಗ್ಗವಾಗಿ ಸಿಗುತ್ತದೆಂದು ಕಾಣುತ್ತದೆ.

ಇರಲಿ, ನೊಣದ ವಿಷಯಕ್ಕೆ ಬರೋಣ. ಗಿಟಾರಿನ ಗುರುಗಳ ಪಾಲಿಗೆ ಈ ಗುಂಯ್ ಎನ್ನುವ ಸದ್ದು ರೋಗ. ತಂತಿ ಪೂರ್ತಿ ಒತ್ತಿಲ್ಲ, ಲೋಹದ ಸರಳಿಗೆ ತಾಗಿ ಅದುರುತ್ತಿದೆ, ತೆಗೆಯಿರಿ ಅನ್ನುತ್ತಾರೆ. ನನಗೆ ವಿಚಿತ್ರ ಅನ್ನಿಸುವುದು ಇಲ್ಲೇ. ಚಿಕ್ಕೋಡಿಯಲ್ಲಿ ನಾನು ತೆಗೆಯಲು ಒದ್ದಾಡುವ ಈ ಗುಂಯ್ ಅನ್ನೇ, ಕಾಗವಾಡ ದಾಟಿ ಮ್ಹೈಸಾಳದ ಆಚೆಗಿರುವ ಮಿರಜದಲ್ಲಿ ಜನ ಆಯುಷ್ಯ ಸವೆಸಿ ವಾದ್ಯಕ್ಕೆ ತುಂಬುತ್ತಾರೆ.

ನಮ್ಮ ಕಡೆಯವರಿಗೆ ಮಿರಜ ಅಂದರೆ ದವಾಖಾನೆ. ರಾಯಬಾಗ, ಕುಡಚಿ, ಉಗಾರ, ಶೇಡಬಾಳದಿಂದ ರೈಲು ಹತ್ತಿ ಎಕ್ಸ್‌ರೇ ಲಕೋಟೆ ಬಗಲಲ್ಲಿ ಇಟ್ಟುಕೊಂಡು ಇಳಿಯುವ ಊರು. ಅದೇ ಊರಿನಲ್ಲಿ ಸಿತಾರು, ತಂಬೂರಿ ಮಾಡುವ ಗಲ್ಲಿ ಇದೆ ಎನ್ನುವುದು ಹೆಚ್ಚಿನವರಿಗೆ ಅಲ್ಲಿ ದಾರಿ ತಪ್ಪಿದಾಗಲೇ ಗೊತ್ತಾಗುವುದು. 1850ರ ಸುಮಾರಿಗೆ ಫರೀದಸಾಹೇಬರು ಈ ಕಸುಬು ಶುರು ಮಾಡಿದರು ಎನ್ನುತ್ತಾರೆ. ಅವರು ಶಿಕಲಗಾರರು, ಅಂದರೆ ಕತ್ತಿಗೆ ಸಾಣೆ ಹಿಡಿಯುವವರು. ರಾಜರ ಕಾಲ ಇಳಿದು ಕತ್ತಿಗೆ ಗಿರಾಕಿ ಇಲ್ಲವಾದಾಗ ಅದೇ ಕೈ ತಂಬೂರಿಯ ತಂತಿ ಹೊರುವ ಕುದುರೆಗೆ ಅರ ಹಿಡಿಯಿತು. 2024ರಲ್ಲಿ ಮಿರಜದ ಸಿತಾರು ಮತ್ತು ತಂಬೂರಿಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ಗವಾಯಿ ಅಬ್ದುಲ್ ಕರೀಂ ಖಾನರು ನೆಲೆ ನಿಂತದ್ದು ಇದೇ ಊರಿನಲ್ಲಿ; 1937ರಲ್ಲಿ ಅವರು ತೀರಿಕೊಂಡ ಮೇಲೂ ಮೀರಾಸಾಹೇಬ ದರ್ಗಾದ ಉರುಸಿನಲ್ಲಿ ಅವರ ನೆನಪಿಗೆ ಗವಾಯಿಗಳು ಬಂದು ಹಾಡುತ್ತಾರೆ. ಅವರ ಶಿಷ್ಯ ಸವಾಯಿ ಗಂಧರ್ವರು, ಆ ಮೇಲಿನ ಗಂಗೂಬಾಯಿ, ಭೀಮಸೇನ ಜೋಶಿ, ಆ ವಂಶಾವಳಿ ನಮಗೆಲ್ಲ ಬಾಯಿಪಾಠ, ಬಿಡಿ.

ಅತ್ತಿಗೆಯ ಕಣ್ಣು ತೋರಿಸಲು ಮಿರಜಕ್ಕೆ ಹೋದಾಗ ಗಿಟಾರನ್ನೂ ಜೊತೆಗೆ ಒಯ್ದಿದ್ದೆ. ಆ ಗಲ್ಲಿಯಲ್ಲಿ ಅಂಗಡಿಯ ಬಾಗಿಲಲ್ಲೇ ಕೂತು ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯ ಕಾರಾಗೀರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಲೆಯ ಹತ್ತಿರ ತಂತಿ ಹಾಯುವ ಬಿಳಿ ಪಟ್ಟಿಯ ಮೇಲೆ ಉಗುರಿಟ್ಟರು. "ಇದು ಎತ್ತರ ಐತ್ರಿ" ಅಂದರು. ಅಗ್ಗದ ಗಿಟಾರಿನಲ್ಲಿ ಆ ಪಟ್ಟಿಯ ಗೀರುಗಳನ್ನು ಆಳಕ್ಕೆ ಕೊರೆದಿರುವುದಿಲ್ಲ. ತಂತಿ ಎತ್ತರ ನಿಲ್ಲುತ್ತದೆ, ಅದಕ್ಕೆ ಹತ್ತಿಕೊಂಡೇ ಇರುವ ಒಂದನೇ ಫ್ರೆಟ್ಟಿನಲ್ಲಿ ಅದನ್ನು ಬಗ್ಗಿಸುವುದು ಎಲ್ಲಕ್ಕಿಂತ ಕಷ್ಟ. ಅದೇ ಹಿಡಿತ ಐದನೇ ಫ್ರೆಟ್ಟಿನಲ್ಲಿ ಸಲೀಸಾಗಿ ಬರುವ ಗುಟ್ಟೂ ಇದೇ. ಕಲಿಯುವವರನ್ನು ಐದರಿಂದ ಶುರು ಮಾಡಿಸಿ ಒಂದಕ್ಕೆ ಇಳಿಸುವ ಬದಲು ನೇರ ಎಫ್‌ಗೆ ಯಾಕೆ ನೂಕುತ್ತಾರೋ! ಕಾರಾಗೀರರು ಸಣ್ಣ ಅರದಿಂದ ಒಂದೊಂದು ಗೀರನ್ನೂ ತುಸು ತುಸು ಇಳಿಸಿ, ಎರಡನೇ ತಂತಿಯನ್ನು ಅರೆಬರೆ ಒತ್ತಿ ಮೀಟಿದರು. ಗುಂಯ್ ಅಂದಿತು. ಕಿವಿ ಹತ್ತಿರ ತಂದು ಮತ್ತೆ ಮೀಟಿದರು. ಮುಖ ಅರಳಿತು.

"ಇದನ್ನ ತಗೀರಿ ಅಂತೀರೇನು? ಆವಾಜ ತರೂದು ನಮ್ಮ ಕೆಲಸಾರಿ. ಒಂದ ತಂತಿಗೆ ಯಾಕ, ಆರಕ್ಕೂ ಹಚ್ಚಿ ಕೊಡ್ಲೇನು?"

ಆಮೇಲೆ ಪಕ್ಕದಲ್ಲಿದ್ದ ತಂಬೂರಿ ತೋರಿಸಿದರು. ಗಿಟಾರಿನಲ್ಲಿ ತಂತಿ ಒಂದು ಚೂಪು ಅಂಚಿನಿಂದ ಏಳುತ್ತದೆ. ತಂಬೂರಿಯ ಕುದುರೆ ಹಾಗಲ್ಲ. ಅಗಲ, ಮೇಲ್ಮೈ ಕಣ್ಣಿಗೆ ಕಾಣದಷ್ಟು ಬಾಗಿದ್ದು. ತಂತಿ ಆ ಬಾಗಿನ ಮೇಲೆ ತಾಗಿಯೂ ತಾಗದ ಹಾಗೆ ಸವರಿಕೊಂಡು ಅದುರಬೇಕು. ಆಗ ಒಂದು ಸ್ವರದ ಒಡಲಿನಿಂದ ಹತ್ತಾರು ಮೇಲಿನ ಸ್ವರ ಹೊರಡುತ್ತವೆ. ಇದಕ್ಕೆ ಜವಾರಿ ಎನ್ನುತ್ತಾರೆ. ಕುದುರೆಗೆ ಅರ ಉಜ್ಜುವುದು, ಮೀಟುವುದು, ಕೇಳುವುದು, ಮತ್ತೆ ಉಜ್ಜುವುದು. ಒಂದು ಉಜ್ಜು ಹೆಚ್ಚಾದರೆ ಕೆಟ್ಟಿತು, ಹಿಂದಕ್ಕೆ ಬರುವ ದಾರಿ ಇಲ್ಲ. ಕೊನೆಗೆ ಒಂದು ನೂಲಿನೆಳೆಯನ್ನು ತಂತಿಯ ಕೆಳಗೆ ತೂರಿಸಿ, ಉಗುರಿನಿಂದ ಹಿಂದೆ ಮುಂದೆ ಸರಿಸುತ್ತ ಹೋದರು. ಎಳೆ ಒಂದು ಜಾಗಕ್ಕೆ ಬಂದಾಗ ತಂತಿ ಹಠಾತ್ತನೆ ಬಾಯಿಬಿಟ್ಟಿತು. ಅಂಗಡಿ ತುಂಬ ಗುಂಯ್‌ಗುಟ್ಟಿತು. ಗಿಟಾರ್ ಗುರುಗಳು ಅಲ್ಲಿದ್ದಿದ್ದರೆ ಒತ್ತು ಸಾಲದು ಅನ್ನುತ್ತಿದ್ದರು.

ಈಗ ಇದೆಲ್ಲ ಫೋನಿನಲ್ಲೂ ಬರುತ್ತದೆ, ಬಟನ್ ಒತ್ತಿದರೆ ತಂಬೂರಿ. ನಮ್ಮೂರ ಭಜನೆಗಳಲ್ಲಿ ಪೇಟಿಯ ಅಬ್ಬರಕ್ಕೆ ಫೋನಿನ ತಂಬೂರಿಯೂ ಕೇಳುವುದಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗೆ ಇಟ್ಟದ್ದು ಅನ್ಯಾಯ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ, ಏಕಾದಶಿಯ ರಾತ್ರಿ ಮೂರು ಗಂಟೆಯವರೆಗೆ ಮಾತ್ರ.

ಕಾರಾಗೀರರ ಹಿಂದೆ ಗೋಡೆಗೆ ಕುಂಬಳದಷ್ಟು ದೊಡ್ಡ ಒಣ ಸೋರೆಬುರುಡೆಗಳು ತೂಗುಬಿದ್ದಿದ್ದವು. ಎಲ್ಲಿಯವು ಎಂದು ಕೇಳಿದೆ. ಪಂಢರಪುರ, ಮಂಗಳವೇಢೆ ಕಡೆಯವು ಅಂದರು. ನಾನು ಅಲ್ಲಿಗೇ ಹಳಿ ತಪ್ಪಿದೆ. ಮಂಗಳವೇಢೆ ಅಂದರೆ ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಬಿಜ್ಜಳನ ಕೈಕೆಳಗೆ ಲೆಕ್ಕ ಬರೆದುಕೊಂಡಿದ್ದ ಮಂಗಳವಾಡ. ತನ್ನ ಮೈಯನ್ನೇ ವಾದ್ಯ ಮಾಡಿಕೋ ಎಂದು ದೇವರಿಗೆ ಹೇಳುವ ಅವರ ವಚನ ಇದೆಯಲ್ಲ, ಅದರಲ್ಲಿ ತಲೆಗೆ ಕೊಟ್ಟದ್ದು ಸೋರೆಯ ಪಾತ್ರ. ಅಷ್ಟು ಸಹಜವಾಗಿ ಆ ಮಾತು ಹೇಗೆ ಬಂತು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಭೀಮೆಯ ಸೀಮೆಯಲ್ಲಿ ಇಂಥ ಸೋರೆ ಆಗಲೂ ಬೆಳೆಯುತ್ತಿತ್ತೋ ಏನೋ, ದಿನಾ ಕಚೇರಿಗೆ ಹೋಗುವ ಕರಣಿಕ ಹಾದಿಯಲ್ಲಿ ಕಂಡಿರಬಹುದು. ಇತಿಹಾಸದವರು ಒಪ್ಪಲಿಕ್ಕಿಲ್ಲ, ಒಪ್ಪಬೇಕಾಗಿಯೂ ಇಲ್ಲ. ನನ್ನ ಹೊಟ್ಟೆಕಿಚ್ಚು ಬೇರೆಯದು: ಆ ವಚನದಲ್ಲಿ ನರಕ್ಕೆ ತಂತಿಯ ಕೆಲಸ, ಬೆರಳಿಗೆ ಮೀಟುವ ಕಡ್ಡಿಯ ಕೆಲಸ. ಎದೆಗೆ ಒತ್ತಿಕೊಂಡು ಬಾರಿಸುವ ಕೆಲಸ ಕೂಡಲಸಂಗಮನಿಗೆ. ಒತ್ತುವ ಪಾಡು ಬೆರಳಿಗೆ ಬರಲೇ ಇಲ್ಲ.

ಅದರಲ್ಲೂ ನನ್ನ ಎಡಗೈ ತೋರುಬೆರಳು ಎಂದೂ ದುಡಿದದ್ದಲ್ಲ. ನಿಪ್ಪಾಣಿಯ ಹೆಣ್ಣುಮಕ್ಕಳ ಬೆರಳು ಮಾತಾಡುತ್ತ ಮಾತಾಡುತ್ತಲೇ ಎಲೆ ಕತ್ತರಿಸಿ, ತಂಬಾಕು ತುಂಬಿ, ಬೀಡಿ ಸುತ್ತಿ ದಾರ ಕಟ್ಟಿಬಿಡುತ್ತವೆ. ಅಥಣಿಯಲ್ಲಿ ಚಪ್ಪಲಿ ಹೊಲಿಯುವವರು ಚರ್ಮದ ಎಳೆಯನ್ನೇ ದಾರ ಮಾಡಿ ಎಳೆದು ಬಿಗಿಯುತ್ತಾರೆ. ಆ ಚಪ್ಪಲಿ ಕೊಲ್ಲಾಪುರಿ ಎಂಬ ಹೆಸರಿನಲ್ಲಿ ಊರೂರು ತಿರುಗುತ್ತದೆ. 2019ರ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೆ ನಮ್ಮ ನಾಲ್ಕು ಜಿಲ್ಲೆ ಸೇರಿದ್ದು ಒಂದು ಸಮಾಧಾನ. ಈ ಕೈಗಳಿಗೆ ಎಫ್ ಒಂದು ಲೆಕ್ಕವೇ ಆಗಲಿಕ್ಕಿಲ್ಲ. ನನ್ನ ಬೆರಳಿಗೆ ಇದುವರೆಗೆ ಒಪ್ಪಿಸಿದ ಸರಕಾರಿ ಕೆಲಸ ಒಂದೇ, ಮತದಾನದ ಶಾಯಿ ಹಚ್ಚಿಸಿಕೊಳ್ಳುವುದು. 2024ರ ಮೇ 7ರಂದು ಚಿಕ್ಕೋಡಿ ಲೋಕಸಭೆಯ ಮತದಾನ ಆದಾಗಲೂ ಅದು ಸಾಲಿನಲ್ಲಿ ನಿಂತು ತನ್ನ ಕರ್ತವ್ಯ ಮಾಡಿ ಬಂದಿತ್ತು.

ಆ ಶಾಯಿ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಶುರು ಮಾಡಿದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಇದನ್ನು ದೇಶಕ್ಕೆಲ್ಲ ಒದಗಿಸುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಬಿಸಿಲು ಬಿದ್ದರೆ ಚರ್ಮದಲ್ಲಿ ಕಪ್ಪಾಗಿ ಕೂಡುತ್ತದೆ, ಸಾಬೂನಿಗೆ ಜಗ್ಗುವುದಿಲ್ಲ. ಹಾಗಾದರೆ ಎಡ ತೋರುಬೆರಳು ಇಲ್ಲದವರು ಏನು ಮಾಡಬೇಕು? ಗಿಟಾರಿನವರು ಇದಕ್ಕೆ ಜಾಂಗೋ ರೈನ್‌ಹಾರ್ಟ್‌ನ ಕಥೆ ಹೇಳುತ್ತಾರೆ. 1928ರಲ್ಲಿ ಬಂಡಿಮನೆಗೆ ಬೆಂಕಿ ಬಿದ್ದು ಅವನ ಎಡಗೈಯ ಎರಡು ಬೆರಳು ಕೆಲಸಕ್ಕೆ ಬಾರದಂತಾದವು, ಉಳಿದ ಎರಡರಿಂದಲೇ ಅವನು ಯುರೋಪನ್ನು ಕುಣಿಸಿದ. ಬೆರಳು ಸರಿ ಇದ್ದೂ ನುಡಿಸಲು ಬಾರದವನನ್ನು ನಾಚಿಸಲು ಇದಕ್ಕಿಂತ ಒಳ್ಳೆ ಕಥೆ ಇಲ್ಲ.

ಚುನಾವಣೆಯ ಕಾಯಿದೆ ಯಾರನ್ನೂ ನಾಚಿಸುವುದಿಲ್ಲ. 1961ರ ಚುನಾವಣಾ ನಿಯಮಗಳಲ್ಲಿ ಇದಕ್ಕೆಂದೇ ಒಂದು ಉಪನಿಯಮ ಇದೆ. ಎಡ ತೋರುಬೆರಳು ಇಲ್ಲವಾದರೆ ಎಡಗೈಯ ಬೇರೆ ಯಾವುದಾದರೂ ಬೆರಳು. ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈಯ ತೋರುಬೆರಳು ಅಥವಾ ಇನ್ನೊಂದು ಬೆರಳು. ಎರಡೂ ಕೈಯಲ್ಲಿ ಬೆರಳಿಲ್ಲದಿದ್ದರೆ ಎಡ ಅಥವಾ ಬಲ ತೋಳಿನ ತುದಿ ಎಷ್ಟು ಉಳಿದಿದೆಯೋ ಅಲ್ಲಿ. ಇದನ್ನು ಬರೆದ ದಿಲ್ಲಿಯ ಗುಮಾಸ್ತನ ಬಗ್ಗೆ ನನಗೆ ಬಹಳ ಗೌರವ. ಒಬ್ಬ ಮತದಾರನೂ ಕೈತಪ್ಪಬಾರದು ಎಂದು ಬೆರಳಿಂದ ಬೆರಳಿಗೆ, ಕೈಯಿಂದ ಕೈಗೆ, ಕೈಯಿಂದ ತೋಳಿಗೆ ಎಷ್ಟು ಸಾವಧಾನದಿಂದ ನಡೆದಿದ್ದಾನೆ! ತೋಳೂ ಇಲ್ಲದಿದ್ದರೆ ಏನು ಎಂದು ಮಾತ್ರ ಅಲ್ಲಿ ಬರೆದಿಲ್ಲ. ಅಷ್ಟೊತ್ತಿಗೆ ಚಹಾ ಬಂದಿರಬೇಕು.