ಏರಿನಲ್ಲಿ ಮಾತ್ರ ಕೇಳುವ ಸದ್ದು

ಮಣಿಪಾಲದಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಮುಗಿಸಿಕೊಂಡು ತೀರ್ಥಹಳ್ಳಿಗೆ ವಾಪಸ್ ಬರುತ್ತಿದ್ದೆವು. ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಏರು ಹಿಡಿದು ಎರಡನೇ ಗೇರಿಗೆ ಇಳಿಸಿದ್ದೇ ತಡ, ಬಾನೆಟ್ಟಿನೊಳಗಿಂದ ಟಕಟಕಟಕ ಶುರುವಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಜೋರು. ಕಾಲು ತೆಗೆದರೆ ಇಲ್ಲವೇ ಇಲ್ಲ. ಘಾಟಿಯ 14 ತಿರುವುಗಳಲ್ಲಿ ಗುಡ್ಡದ ಗೋಡೆ ನಮ್ಮ ಪಕ್ಕಕ್ಕೆ ಬಂದಾಗಲೆಲ್ಲ ಸದ್ದು ಅದಕ್ಕೆ ಬಡಿದು ಇಮ್ಮಡಿಯಾಗಿ ಕಿಟಕಿಯೊಳಗೆ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅಮ್ಮ, "ಏನೋ ಅದು, ಹೊಲಿಗೆ ಮೆಷಿನ್ ತುಳಿದ ಹಾಗೆ?" ಎಂದಳು. ಮುಂದೆ ನಾನು ಕಂಡ ಮೆಕ್ಯಾನಿಕ್‌ಗಳಲ್ಲಿ ಯಾರೂ ಆ ಸದ್ದನ್ನು ಅಷ್ಟು ಸರಿಯಾಗಿ ಹೇಳಲಿಲ್ಲ.

ನನ್ನದು 1998ರ ಮಾರುತಿ 800. ಕಾರ್ಬ್ಯುರೇಟರ್ ಗಾಡಿ, 796 ಸಿಸಿ, ಮೂರು ಸಿಲಿಂಡರ್. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಷ್ಟು ವರ್ಷ ಊರೂರು ಸುತ್ತಿದ ಗಾಡಿಯಾದ್ದರಿಂದ ಇದರ ಎಂಜಿನ್ ಬಿಚ್ಚದ ಮೆಕ್ಯಾನಿಕ್ ಸಿಗುವುದು ಕಷ್ಟ. ಎಲ್ಲರಿಗೂ ಇದು ಗೊತ್ತು, ಹಾಗಾಗಿ ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ನನಗೆ ಬಂದ ಕಷ್ಟದ ಅರ್ಧ ಭಾಗ ಅಲ್ಲಿಂದಲೇ ಬಂತು. ಹದಿನೈದು ವರ್ಷ ದಾಟಿದ ಗಾಡಿಗೆ ಹಸಿರು ತೆರಿಗೆ ಕಟ್ಟಿ, ಆರ್‌ಸಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸಿ ಹೆಚ್ಚು ಕಾಲವೂ ಆಗಿರಲಿಲ್ಲ.

ಊರಿನ ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿ ಎಷ್ಟು ರೇಸ್ ಕೊಟ್ಟರೂ ಸದ್ದು ಬರಲಿಲ್ಲ. ಭಾರ ಎಳೆಯದ ಎಂಜಿನ್ ಎಷ್ಟು ಜೋರಾಗಿ ತಿರುಗಿದರೂ ಅದಕ್ಕೆ ಕಷ್ಟವಿಲ್ಲ, ಆದ್ದರಿಂದ ದೂರೂ ಇಲ್ಲ. ಹುಡುಗ ನನ್ನ ಮುಖ ನೋಡಿದ. ಅವನ ಯಜಮಾನರು ಕೇಳದ ಸದ್ದಿಗೂ ಹೆಸರು ಕೊಟ್ಟರು: "ಟ್ಯಾಪೆಟ್ ಲೂಸ್ ಆಗಿದೆ." ಟ್ಯಾಪೆಟ್ ಆದರೆ ನಿಂತಾಗಲೂ ಕೇಳಬೇಕಲ್ಲವೇ ಎಂದೆ. "ಮೇಷ್ಟ್ರೇ, ಅದೆಲ್ಲ ಪುಸ್ತಕದಲ್ಲಿ" ಎಂದು ಫೀಲರ್ ಗೇಜ್ ಹಿಡಿದು ಬಾಗಿದರು. ಇನ್ನೊಬ್ಬರು ಪೆಟ್ರೋಲ್ ಕಲಬೆರಕೆ, ನಾಕಿಂಗ್ ಎಂದು ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ತಿರುಗಿಸಿ ಟೈಮಿಂಗ್ ಹಿಂದಕ್ಕೆ ಸರಿಸಿದರು. ಗಾಡಿಯ ಎಳೆತ ಹೋಯಿತು, ಸದ್ದು ಉಳಿಯಿತು.

ಶಿವಮೊಗ್ಗದ ದೊಡ್ಡ ಗ್ಯಾರೇಜಿನವರು ಮಾತ್ರ ಕೆಲಸ ಬಲ್ಲವರ ಹಾಗೆ ಕಂಡರು. ಒಬ್ಬನನ್ನು ಸ್ಟೇರಿಂಗ್ ಹಿಂದೆ ಕೂರಿಸಿ, ಹ್ಯಾಂಡ್‌ಬ್ರೇಕ್ ಎಳೆಸಿ, ಗೇರಿಗೆ ಹಾಕಿ ಅರ್ಧ ಕ್ಲಚ್ ಬಿಡಿಸಿದರು. ಎಂಜಿನ್ ಏದುಸಿರು ಬಿಟ್ಟಿತು, ಸದ್ದು ಬಂತು. ನಾನು ಸುಳ್ಳು ಹೇಳುತ್ತಿಲ್ಲ ಎಂಬುದು ಕೊನೆಗೂ ಇನ್ನೊಬ್ಬರಿಗೆ ತಿಳಿಯಿತಲ್ಲ ಎಂದು ಸಂತೋಷವೇ ಆಯಿತು. ಆಮೇಲೆ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದರು. ನಡುವಿನದನ್ನು ಕಿತ್ತಾಗ ಸದ್ದು ಸತ್ತಿತು.

"ಬಿಗ್‌ಎಂಡ್ ಬೇರಿಂಗ್" ಎಂದರು. ಅವರ ತರ್ಕದಲ್ಲಿ ಲೋಪವಿರಲಿಲ್ಲ. ಕಿಡಿ ಇಲ್ಲದಿದ್ದರೆ ಪಿಸ್ಟನ್ನಿನ ಮೇಲೆ ಸ್ಫೋಟದ ಒತ್ತಡವಿಲ್ಲ. ಒತ್ತಡವಿಲ್ಲದಿದ್ದರೆ ಸವೆದ ಬೇರಿಂಗಿನಲ್ಲಿ ಕನೆಕ್ಟಿಂಗ್ ರಾಡ್ ಬಡಿಯುವುದಿಲ್ಲ. ಹಾಗೇ ಓಡಿಸಿದರೆ ಒಂದು ದಿನ ರಾಡ್ ಮುರಿದು ಬ್ಲಾಕ್ ತೂತು ಮಾಡಿಕೊಂಡು ಹೊರಬರುತ್ತದೆ ಎಂದು ಕೈಯಲ್ಲಿ ಮಾಡಿಯೂ ತೋರಿಸಿದರು.

ಆ ಕೈಸನ್ನೆ ನನ್ನ ನಿದ್ದೆ ಕೆಡಿಸಿತು. ದುಡ್ಡು ಹೊಂದಿಸುವವರೆಗೆ ಗಾಡಿ ಅಲ್ಲಾಡಿಸುವಂತಿಲ್ಲ. ಅಮ್ಮನನ್ನು ಮತ್ತೆ ಕಣ್ಣು ತೋರಿಸಲು ಮಿನಿ ಬಸ್ಸಿನಲ್ಲಿ ಕರೆದೊಯ್ದೆ. ಬಿಸಿಲು, ಧೂಳು ತಾಗದಂತೆ ಅವಳ ಮುಖಕ್ಕೆ ಟವೆಲ್ ಹಿಡಿದು ನಿಂತೇ ಘಾಟಿ ಇಳಿದೆ. ಮನೆಯಲ್ಲಿ ಮಿಕ್ಸಿ ತಿರುಗಿದರೂ ಅದರಲ್ಲಿ ಬಡಿತ ಹುಡುಕುತ್ತಿದ್ದೆ. ರಸ್ತೆಯಲ್ಲಿ ಹೋಗುವ ಬೇರೆಯವರ 800ಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. "ರೀ, ಗುಜರಿಯವನಿಗೆ ಕೊಟ್ಟು ಕೈ ತೊಳ್ಕೊಳ್ಳಿ" ಎಂದಳು ಹೆಂಡತಿ. ಗುಜರಿಯವನು ಬಂದ, ನೋಡಿದ, ಹೇಳಿದ ಬೆಲೆಗೆ ನಾಲ್ಕು ಟಯರೂ ಬರುತ್ತಿರಲಿಲ್ಲ.

ಕೊನೆಗೆ ಸಂಪ್ ಇಳಿಸಿ, ಹೆಡ್ ಮುಟ್ಟದೆ ಕೆಳಗಿನಿಂದಲೇ ಬೇರಿಂಗುಗಳನ್ನು ಬದಲಿಸಿದರು. ಹಳೆಯವನ್ನು ಅಂಗೈ ಮೇಲಿಟ್ಟು ತೋರಿಸಿದರು. ಬೂದು ಲೇಪ ಸವೆದು ಅಲ್ಲಲ್ಲಿ ತಾಮ್ರ ಇಣುಕಿತ್ತು. ಹಳೆಯ ಎಂಜಿನ್ನಿನಲ್ಲಿ ಅಷ್ಟು ಸವೆತ ಇದ್ದೇ ಇರುತ್ತದೆ. ಬಿಲ್ಲಿಗೆ ಅರ್ಧ ತಿಂಗಳ ಪಿಂಚಣಿ ಹೋಯಿತು.

ಶಿವಮೊಗ್ಗದಿಂದ ವಾಪಸ್ ಮಂಡಗದ್ದೆ ದಾಟಿ ಬರುವಾಗ, ರಸ್ತೆ ಕೊಂಚ ಏರಿದ್ದಷ್ಟೇ, ಅದೇ ಟಕಟಕ. ಗಾಡಿ ಬದಿಗೆ ಹಾಕಿ ಎಷ್ಟೋ ಹೊತ್ತು ಇಳಿಯದೆ ಕೂತಿದ್ದೆ. ಫೋನ್ ಮಾಡಿದರೆ, "ಹಾಗಾದ್ರೆ ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸ್ಬೇಕು, ಎಂಜಿನ್ ಇಳಿಸೋಣ" ಎಂಬ ಉತ್ತರ ಬಂತು.

ಈ ಒಗಟನ್ನು ಬಿಡಿಸಿದವರು ಕಾರ್ ಮೆಕ್ಯಾನಿಕ್ಕೇ ಅಲ್ಲ. ತೋಟದ ಪಂಪಿನ ಶಾಫ್ಟ್ ಮಾಡಿಸಲು ನಾನು ಹೋಗುತ್ತಿದ್ದ ಲೇತ್ ಅಂಗಡಿಯ ಹಿರಿಯರು. ಪಂಪ್‌ಸೆಟ್ಟು, ಟಿಲ್ಲರು ಅವರ ಕಸುಬು. ನನ್ನ ಕಥೆ ಪೂರ್ತಿ ಕೇಳದೆ, "ಏರಿಗೆ ಹೋಗೋಣ ಬನ್ನಿ" ಎಂದು ಕಾರು ಹತ್ತಿದರು. ಅಲ್ಲಿಯವರೆಗೆ ಯಾರೂ ನನ್ನ ಪಕ್ಕ ಕೂತು ಏರು ಹತ್ತಿರಲಿಲ್ಲ. ಚಪ್ಪಲಿ ಬಿಚ್ಚಿ ಬರಿಗಾಲನ್ನು ಕೆಳಗಿನ ತಗಡಿಗೆ ಒತ್ತಿಟ್ಟರು. "ಬೇರಿಂಗ್ ಬಡಿದ್ರೆ ಕಾಲಿಗೆ ಗೊತ್ತಾಗುತ್ತೆ. ಇದು ಕಬ್ಬಿಣ ಬಡಿಯೋದಲ್ಲ ಮೇಷ್ಟ್ರೇ, ಗಾಳಿ. ಎಲ್ಲೋ ಸೀಟಿ ಹೊಡೀತಿದೆ."

ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ಮೂರೂ ಪ್ಲಗ್ಗುಗಳ ಬುಡಕ್ಕೆ ಸೋಪಿನ ನೀರು ಹಿಂಡಿದರು. ಅರ್ಧ ಕ್ಲಚ್ ಬಿಟ್ಟೆ. ನಡುವಿನ ಪ್ಲಗ್ಗಿನ ಬುಡದಲ್ಲಿ ನೊರೆ ಬುಸುಬುಸು ಉಕ್ಕಿತು. ಬಿಚ್ಚಲು ಪಾನಾಕ್ಕೆ ಶ್ರಮವೇ ಆಗಲಿಲ್ಲ. ಪಿಂಗಾಣಿಯ ಮೇಲೆ ಹೊಗೆಯ ಕಪ್ಪು ಗೆರೆ. ಥ್ರೆಡ್ಡಿನ ನಡುವೆ ಅಲ್ಯೂಮಿನಿಯಂ ಚೂರು. ಹಿಂದೆ ಯಾವ ಕೈಯೋ ಉಕ್ಕಿನ ಪ್ಲಗ್ಗನ್ನು ವಾರೆಯಾಗಿ ತಿರುಗಿಸಿ ಮೆತ್ತನೆಯ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡನ್ನು ಕೆಡಿಸಿತ್ತು. ಪ್ಲಗ್ ಎಷ್ಟು ಬಿಗಿದರೂ ವಾಷರ್ ಕೂರುತ್ತಿರಲಿಲ್ಲ. ಎಂಜಿನ್ ಭಾರ ಎಳೆಯುವಾಗ ಉರಿದ ಅನಿಲ ಆ ಸಂದಿಯಿಂದ ಪ್ರತಿ ಸ್ಫೋಟಕ್ಕೂ ಚಿಮ್ಮುತ್ತಿತ್ತು. ವೈರ್ ಕಿತ್ತರೆ ಸ್ಫೋಟವಿಲ್ಲ, ಚಿಮ್ಮುವುದಕ್ಕೂ ಏನಿಲ್ಲ. ಶಿವಮೊಗ್ಗದವರ ಪರೀಕ್ಷೆ ಸಿಲಿಂಡರನ್ನು ಸರಿಯಾಗಿಯೇ ತೋರಿಸಿತ್ತು. ಆ ಸಿಲಿಂಡರಿನ ಮೇಲೋ ಕೆಳಗೋ ಎಂಬುದನ್ನು ಹೇಳುವ ಶಕ್ತಿ ಅದಕ್ಕಿರಲಿಲ್ಲ.

ಲೇತ್ ಅಂಗಡಿಯ ಹಿರಿಯರು ಥ್ರೆಡ್ ಕೊರೆಯುವ ಟ್ಯಾಪಿನ ತೋಡುಗಳಿಗೆ ಗ್ರೀಸ್ ತುಂಬಿ, ಚೂರು ಒಳಗೆ ಬೀಳದಂತೆ ಮತ್ತೆ ಮತ್ತೆ ಹೊರತೆಗೆದು ಒರೆಸುತ್ತ, ತೂತನ್ನು ಸ್ವಲ್ಪ ದೊಡ್ಡದು ಮಾಡಿ ಹೊಸ ಥ್ರೆಡ್ ಕೊರೆದರು. ಅದರೊಳಗೆ ಸ್ಟೀಲ್ ತಂತಿಯ ಸುರುಳಿ, ಹೆಲಿಕಾಯಿಲ್, ಕೂರಿಸಿದರು. ಪ್ಲಗ್ ಹಾಕದೆಯೇ ನಾಲ್ಕು ಸಲ ಸೆಲ್ಫ್ ಹೊಡೆಸಿ ಉಳಿದ ಪುಡಿಯನ್ನು ಹೊರಗೆ ಊದಿಸಿದರು. ಆ ಸಂಜೆ ಕುಂದಾದ್ರಿಯ ರಸ್ತೆ ಹತ್ತಿಸಿದೆ. ಸದ್ದಿಲ್ಲ.

ಶಿವಮೊಗ್ಗಕ್ಕೆ ಹೋದಾಗ ಆ ಗ್ಯಾರೇಜಿಗೂ ಹೋಗಿ ವಿಷಯ ಹೇಳಿದೆ. "ಬೇರಿಂಗ್ ಹೇಗಿದ್ರೂ ಹಾಕ್ಲೇಬೇಕಿತ್ತು ಸಾರ್" ಎಂದರು. ದುಡ್ಡಿನ ಮಾತೆತ್ತಲಿಲ್ಲ. ಅವರ ಹಿಂದೆ, ಅಂಗಳದಲ್ಲಿ, ಓಮ್ನಿಯೊಂದು ಸಂಪ್ ಇಳಿಸಿಕೊಂಡು ಜ್ಯಾಕ್ ಮೇಲೆ ನಿಂತಿತ್ತು. ಅದರದೂ ಇದೇ 796 ಸಿಸಿ ಎಂಜಿನ್. ಅವರು ಒಮ್ಮೆ ಅದರ ಕಡೆ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದರು: "ಆ ಲೇತ್ ಅಂಗಡಿ ಎಲ್ಲಿ ಬರುತ್ತೆ ಅಂದ್ರಿ?"